ಕಿಸೆಯ ಫೋನಿನೊಳಗೆ ಮೇಜಿನ ಗಣಕ



ಇವತ್ತಿನ ನನ್ನ ಮಾತಿಗೆ ಒಂದು ಸಿ.ಡಿ. ಕಾರಣ. ಅದು ನಮ್ಮ ಮನೆಯ ಟ್ರಂಕಿನಲ್ಲಿ ಇಪ್ಪತ್ತು ವರ್ಷ ಮಲಗಿತ್ತು. ಮೊದಲು ಅದರ ಕಥೆ ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಶಾಲೆ ಶುರುವಾದದ್ದು 1950ರಲ್ಲಿ. 2004ರಲ್ಲಿ ಅಲ್ಲಿದ್ದ ಗುರುಗಳು ಹಳೆಯ ದಾಖಲಾತಿ ರಿಜಿಸ್ಟರನ್ನು ನನ್ನ ಮುಂದಿಟ್ಟು, "ಕಾಗದ ಹಪ್ಪಳದಂತೆ ಮುರಿಯುತ್ತಿದೆ. ಇದನ್ನು ಕಂಪ್ಯೂಟರಿನಲ್ಲಿ ಇಳಿಸಿ ಇಡಲಾದೀತೇ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಆಗ ಸೆಕೆಂಡ್ ಹ್ಯಾಂಡ್ ಗಣಕ ಒಂದಿತ್ತು. ಅದರಲ್ಲಿ ವಿಂಡೋಸ್ 98, ಕನ್ನಡ ಬರೆಯಲು ನುಡಿ. ಮಗಳು ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಸಿ ಮನೆಯಲ್ಲೇ ಇದ್ದಳು. ರಿಜಿಸ್ಟರಿನ ಮೊದಲರ್ಧ ಅವಳು, ಉಳಿದರ್ಧ ನಾನು, ದಿನಕ್ಕೆ ಮೂವತ್ತು ನಲವತ್ತು ಹೆಸರಿನಂತೆ ಟೈಪು ಮಾಡಿದೆವು. ಒಟ್ಟು 1,412 ಹೆಸರು. ಹೆಸರು, ತಂದೆಯ ಹೆಸರು, ಊರು, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಂದು ಆರು ಕಾಲಮ್ಮು. ಎಲ್ಲವನ್ನೂ ಒಂದು ಸಿ.ಡಿ.ಗೆ ಏರಿಸಿ ಟ್ರಂಕಿನಲ್ಲಿಟ್ಟೆ. ಕೆಲವು ವರ್ಷಕ್ಕೆ ಗಣಕ ಕೆಟ್ಟಿತು, ರದ್ದಿಗೆ ಹೋಯಿತು. 2020ರ ಅಕ್ಟೋಬರಿನಲ್ಲಿ ಸೋಲಾಪುರ ಜಿಲ್ಲೆಗೆಲ್ಲ ಬಿದ್ದ ಆ ದೊಡ್ಡ ಮಳೆ ನಿಮಗೆ ನೆನಪಿರಬೇಕು. ಆಗ ಶಾಲೆಯ ಕಪಾಟಿಗೆ ನೀರು ಇಳಿದು ರಿಜಿಸ್ಟರು ಮುದ್ದೆಯಾಯಿತು.

2025ರಲ್ಲಿ ಶಾಲೆಗೆ ಎಪ್ಪತ್ತೈದು ತುಂಬಿತು. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆಯಬೇಕು, ಯಾದಿ ಬೇಕು ಎಂದು ಈಗಿನ ಮುಖ್ಯ ಗುರುಗಳು ನನ್ನ ಮನೆಗೆ ಬಂದರು. ಸಿ.ಡಿ. ನೆನಪಾಯಿತು. ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಫೋನಿಗೆ ಹಚ್ಚಿ ತೆರೆದೆ. ಫೈಲು ತೆರೆಯಿತು. ಆದರೆ ಒಂದು ಅಕ್ಷರವೂ ಕನ್ನಡವಲ್ಲ!

'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ತಲೆಯ ಮೇಲೆ ಓರೆಗೆರೆ ಇರುವ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ಮತ್ತೊಂದು ಓರೆಗೆರೆಯ ಎ, ಜರ್ಮನರ ಒಂದು ಅಕ್ಷರ, ಹೀಗೆ. 1,412 ಮಂದಿಯ ಹೆಸರೂ ಇದೇ ವೇಷದಲ್ಲಿ ನಿಂತಿದ್ದವು. ಕಾರಣ ಸರಳ. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂಡಿಸುತ್ತಿದ್ದವು. ಪಿ ಇರುವ ಮನೆಯಲ್ಲಿ ಕ ಅಕ್ಷರದ ಮೈ, ಪೌಂಡಿನ ಮನೆಯಲ್ಲಿ ನ ಅಕ್ಷರದ ಮೈ. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಈಗ ನಾವು ಫೋನಿನಲ್ಲಿ ಬರೆಯುವುದು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ, ಯಾರ ಮನೆಯಲ್ಲೂ ಭಾಡಿಗೆ ಇಲ್ಲ.

ಹಳೆಯ ಫಾಂಟಿನ ಫೈಲು ಸಿ.ಡಿ.ಯಲ್ಲೇ ಇತ್ತು. ಆದರೆ ನಾನು ಪ್ರಯತ್ನಿಸಿದ ಫೋನಿನ ಆ್ಯಪ್‌ಗಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸ ಗಣಕ ಕೊಳ್ಳಬೇಕೆಂದರೆ ಮೂವತ್ತು ನಲವತ್ತು ಸಾವಿರದ ಮಾತು. ಆಗ ಸೋಲಾಪುರದಲ್ಲಿ ಓದುವ ನನ್ನ ಅಕ್ಕನ ಮೊಮ್ಮಗ ಹೇಳಿದ: "ಅಜ್ಜಾ, ಗಣಕ ಯಾಕ ಬೇಕು? ನಿನ್ನ ಕಿಸೇದಾಗ ಇರೋದ ಗಣಕ ಅದ."

ನಾನು ನಕ್ಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಸ್ವಭಾವ. ಆದರೆ ಹುಡುಗ ಹೇಳಿದ್ದು ಖರೆ. ಅದು ಹೇಗೆ ಖರೆ ಎಂಬುದೇ ಇವತ್ತಿನ ವಿಷಯ.

ಆಪರೇಟಿಂಗ್ ಸಿಸ್ಟಮ್ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂಬ ಮಾತು ನೀವು ಕೇಳಿದ್ದೀರಿ. ಮೇಜಿನ ಗಣಕದಲ್ಲಿ ವಿಂಡೋಸ್ ಅಥವಾ ಲಿನಕ್ಸ್, ನಮ್ಮ ಬಹುಪಾಲು ಫೋನುಗಳಲ್ಲಿ ಆ್ಯಂಡ್ರಾಯ್ಡ್. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಅದು ಶಾಖೆಯ ಮ್ಯಾನೇಜರ್ ಇದ್ದ ಹಾಗೆ. ತಾನು ಲೆಡ್ಜರ್ ಬರೆಯುವುದಿಲ್ಲ, ನೋಟು ಎಣಿಸುವುದಿಲ್ಲ. ಆದರೆ ಕಪಾಟಿನ ಕೀಲಿ ಯಾರಿಗೆ, ಯಾವ ಪುಸ್ತಕ ಯಾರ ಮೇಜಿಗೆ, ಯಾರ ಸರದಿ ಮೊದಲು ಎಂದು ಗೊತ್ತುಮಾಡುವುದು ಅವನೇ.

ಈ ಆ್ಯಂಡ್ರಾಯ್ಡಿನ ಬುನಾದಿಯಲ್ಲಿ ಇರುವುದು ಲಿನಕ್ಸಿನ ಕರ್ನಲ್, ಅಂದರೆ ತಿರುಳು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಿರುಳು ಅದು. 2008ರಲ್ಲಿ ಮೊದಲ ಆ್ಯಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗಿನಿಂದ ಅದೇ ತಿರುಳು ನಮ್ಮ ಕಿಸೆಗಳಲ್ಲಿದೆ. ಮೇಜಿನ ಗಣಕಕ್ಕೆ ಡೆಬಿಯನ್ ಎಂಬ ಪುಕ್ಕಟೆ ವ್ಯವಸ್ಥೆ 1993ರಿಂದ ಇದೆ. ಅದು ನಡೆಯುವುದೂ ಇದೇ ತಿರುಳಿನ ಮೇಲೆ. ಅಂದ ಮೇಲೆ ಫೋನಿನಲ್ಲಿ ಮೇಜಿನ ಗಣಕವನ್ನು ನಡೆಸುವುದು ಪವಾಡವಲ್ಲ. ಒಂದೇ ಮನೆತನದ ಎರಡು ಸಂಸಾರವನ್ನು ಒಂದೇ ಸೂರಿನಡಿ ಇರಿಸಿದ ಹಾಗೆ.

ಹೀಗೆ ಇರಿಸಲು ಮೂರು ದಾರಿ ಇವೆ. ಒಂದೊಂದಾಗಿ ಹೇಳುತ್ತೇನೆ. ಗಡಿಯ ಜನರಾದ ನಮಗೆ ಇದು ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಮೊದಲನೆಯದು ದುಭಾಷಿಯ ದಾರಿ. ಗಣಕದ ಮಿದುಳಾದ ಚಿಪ್ಪಿಗೆ ತನ್ನದೇ ಭಾಷೆ ಇರುತ್ತದೆ. ಮೇಜಿನ ಗಣಕಗಳ ಚಿಪ್ಪುಗಳಲ್ಲಿ ಬಹಳಷ್ಟು ಆಡುವುದು 1978ರಲ್ಲಿ ಬಂದ ಇಂಟೆಲ್ 8086 ಚಿಪ್ಪಿನ ವಂಶದ ಭಾಷೆ. ನಮ್ಮ ಫೋನುಗಳ ಚಿಪ್ಪು ಆಡುವುದು ಆರ್ಮ್ ಎಂಬ ಭಾಷೆ. ಇಂಗ್ಲೆಂಡಿನ ಕೇಂಬ್ರಿಜಿನ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಅದರ ಮೊದಲ ಚಿಪ್ಪು ತಯಾರಾಯಿತು. ವಿಂಡೋಸ್ 98 ಬಲ್ಲದ್ದು ಇಂಟೆಲ್ ಭಾಷೆ ಮಾತ್ರ. ಅದನ್ನು ಫೋನಿನಲ್ಲಿ ನಡೆಸಬೇಕಾದರೆ ನಡುವೆ ದುಭಾಷಿ ಬೇಕು. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬುವರು 2003ರಲ್ಲಿ ಹೊರತಂದ ಕ್ಯೂಇಎಂಯು ಇಂಥದ್ದು. ಅದನ್ನೇ ಒಳಗಿಟ್ಟುಕೊಂಡ ಲಿಂಬೋ ಎಂಬ ಆ್ಯಪ್ ಫೋನಿಗಿದೆ.

ನಮ್ಮ ಶಾಖೆಯ ಕೌಂಟರಿನಲ್ಲಿ ನಾನೇ ಎಷ್ಟೋ ಸಲ ದುಭಾಷಿಯಾಗಿದ್ದೇನೆ. ಫಾರ್ಮು ಮರಾಠಿಯಲ್ಲಿ, ರೈತ ಕನ್ನಡದಲ್ಲಿ, ಸಾಹೇಬರು ಹಿಂದಿಯಲ್ಲಿ. ಐದು ನಿಮಿಷದ ಕೆಲಸಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಫೋನಿನಲ್ಲಿ ಆದದ್ದೂ ಅದೇ. ಹಳೆಯ ವಿಂಡೋಸಿನ ಸಿ.ಡಿ. ನಮ್ಮಲ್ಲಿ ಇತ್ತಲ್ಲ, ಹುಡುಗ ಮೊದಲು ಅದನ್ನೇ ಪ್ರಯತ್ನಿಸಿದ. ಮೋಡದ ಚಿತ್ರ ಮೂಡಿತು. ಚಹಾಕ್ಕೆ ಇಟ್ಟು, ಕುದಿಸಿ, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಪರದೆ ಪೂರ್ತಿ ತೆರೆದಿರಲಿಲ್ಲ. ತೆರೆದ ಮೇಲೆ ಇಲಿಯ ಬಾಣ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಓಡುತ್ತಿತ್ತು. ಈ ದಾರಿ ಕೆಟ್ಟದ್ದು ಎನ್ನುವುದಿಲ್ಲ. ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಸಣ್ಣ ಲೆಕ್ಕದ ಪ್ರೋಗ್ರಾಮುಗಳಿಗೆ ಡಾಸ್‌ಬಾಕ್ಸ್ ಎಂಬ ದುಭಾಷಿ ಧಾರಾಳ ಸಾಕು, ಏಕೆಂದರೆ ಅವುಗಳ ಹಸಿವೇ ಕಡಿಮೆ. ಆದರೆ 1,412 ಹೆಸರು ತಿದ್ದುವ ಕೆಲಸಕ್ಕೆ ಅದು ಒಗ್ಗಲಿಲ್ಲ.

ಎರಡನೆಯದು ಭಾಡಿಗೆ ಖೋಲಿಯ ದಾರಿ. ನಾವು ಹಿಡಿದದ್ದು ಇದನ್ನು. ಡೆಬಿಯನ್ ವ್ಯವಸ್ಥೆ ಆರ್ಮ್ ಭಾಷೆಯಲ್ಲೂ ಸಿಗುತ್ತದೆ, ಆದ್ದರಿಂದ ಇಲ್ಲಿ ಚಿಪ್ಪಿನ ಭಾಷೆಗೆ ದುಭಾಷಿ ಬೇಡ. ಒಂದು ಹಳೆಯ ವಾಡೆಯನ್ನು ನೆನೆಸಿಕೊಳ್ಳಿ. ವಾಡೆಯಲ್ಲಿ ಆ್ಯಂಡ್ರಾಯ್ಡಿನ ಸಂಸಾರ ಇದೆ. ಉಗ್ರಾಣ, ಬಾವಿ, ದೀಪ ಎಲ್ಲ ಒಬ್ಬ ಕಾರಭಾರಿಯ ವಶದಲ್ಲಿವೆ. ಆ ಕಾರಭಾರಿಯೇ ಕರ್ನಲ್. ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ವಾಡೆಯಲ್ಲಿ ನಮಗೊಂದು ಖೋಲಿ ಸಿಕ್ಕಂತೆ. ಆ ಖೋಲಿಗೆ ಡೆಬಿಯನ್ನಿನ ಸಂಸಾರವನ್ನು ಕರೆತರುತ್ತೇವೆ. ಆದರೆ ಡೆಬಿಯನ್ ಇಡೀ ವಾಡೆಯ ಯಜಮಾನಿಕೆ ಮಾಡಿ ರೂಢಿಯಾದ ಸಂಸಾರ. ದೊಡ್ಡ ಕಪಾಟು ಎಲ್ಲಿ, ದೇವರ ಮನೆ ಎಲ್ಲಿ ಎಂದು ತನ್ನ ಲೆಕ್ಕದಲ್ಲೇ ಕೇಳುತ್ತದೆ. ಅದಕ್ಕೆ ಪ್ರೂಟ್ ಎಂಬ ಆಳು ಬಾಗಿಲಲ್ಲಿ ನಿಲ್ಲುತ್ತಾನೆ. "ದೊಡ್ಡ ಕಪಾಟು ತೆಗೆ" ಎಂದು ಒಳಗಿನಿಂದ ಕೇಳಿದರೆ, ಖೋಲಿಯೊಳಗಿನ ಸಣ್ಣ ಕಪಾಟನ್ನೇ ತೋರಿಸಿ "ಇದೇ ದೊಡ್ಡ ಕಪಾಟು" ಎನ್ನುತ್ತಾನೆ. ಡೆಬಿಯನ್ ನಂಬುತ್ತದೆ, ಸಂಸಾರ ಸಾಗುತ್ತದೆ. ಪ್ರತಿ ಮಾತಿಗೂ ಆಳು ಎದ್ದು ಬರಬೇಕಾದ್ದರಿಂದ ಫೈಲು ತೆರೆಯುವುದು, ಇಡುವುದು ತುಸು ನಿಧಾನ. ಆದರೆ ಕೆಲಸ ನಿಲ್ಲುವುದಿಲ್ಲ.

ಮೂರನೆಯದು ಮನೆಯೊಳಗೆ ಮನೆ ಕಟ್ಟುವ ದಾರಿ. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಒಳಗಿನ ಸಂಸಾರಕ್ಕೆ ತನ್ನದೇ ಕಾರಭಾರಿ, ತನ್ನದೇ ಗೋಡೆ. 2025ರ ಮಾರ್ಚಿನಲ್ಲಿ ಗೂಗಲ್ ಕಂಪನಿ ತನ್ನ ಪಿಕ್ಸೆಲ್ ಫೋನುಗಳಿಗೆ ಇಂಥ ಏರ್ಪಾಡನ್ನು ತಾನೇ ಕೊಟ್ಟಿತು. ಅದರೊಳಗೆ ನಡೆಯುವುದೂ ಡೆಬಿಯನ್ನೇ. ಮೊದಲಿಗೆ ಬರೀ ಅಕ್ಷರಗಳ ಪರದೆ ಇತ್ತು, ಚಿತ್ರದ ಮೇಜು ಇರಲಿಲ್ಲ. ದಾರಿ ಭದ್ರವಾದದ್ದು. ಆದರೆ ಎಲ್ಲರ ಫೋನಿನಲ್ಲಿ ಇರುವುದಲ್ಲ.

ಈ ಆಸೆ ಹೊಸದೇನೂ ಅಲ್ಲ. 2011ರಲ್ಲಿ ಮೊಟೊರೊಲಾ ಕಂಪನಿ ಏಟ್ರಿಕ್ಸ್ ಎಂಬ ಫೋನನ್ನು ತಂದಿತು. ಅದನ್ನು ಲ್ಯಾಪ್‌ಟಾಪಿನಂಥ ಒಂದು ಖಾಲಿ ಪೆಟ್ಟಿಗೆಗೆ ಸಿಗಿಸಿದರೆ ಗಣಕವಾಗುತ್ತಿತ್ತು. 2013ರಲ್ಲಿ ಉಬುಂಟು ಎಂಬ ಲಿನಕ್ಸಿನವರು ಅಂಥ ಫೋನು ಮಾಡಲು ಜನರಿಂದ 3 ಕೋಟಿ 20 ಲಕ್ಷ ಡಾಲರ್ ವರ್ಗಣಿ ಕೇಳಿದರು. ಗುರಿಯ ಅರ್ಧವೂ ಕೂಡಲಿಲ್ಲ, ಕೆಲಸ ನಿಂತಿತು. 2015ರಲ್ಲಿ ಮೈಕ್ರೋಸಾಫ್ಟ್ ಲೂಮಿಯಾ 950 ಫೋನಿನಲ್ಲಿ ಯತ್ನಿಸಿತು, ಆ ಫೋನಿನ ವಂಶವೇ ಮುಗಿಯಿತು. 2017ರಲ್ಲಿ ಸ್ಯಾಮ್‌ಸಂಗ್ ತನ್ನ ದುಬಾರಿ ಫೋನುಗಳಿಗೆ ಡೆಕ್ಸ್ ಎಂಬ ಏರ್ಪಾಡು ಕೊಟ್ಟಿತು. 2018ರಲ್ಲಿ ಅದರೊಳಗೆ ಲಿನಕ್ಸ್ ನಡೆಸುವ ಪ್ರಯೋಗವನ್ನೂ ತೆರೆದು, ಮರುವರ್ಷವೇ ಅದನ್ನು ಕೈಬಿಟ್ಟಿತು. ಇಷ್ಟನ್ನು ಏಕೆ ಹೇಳಿದೆನೆಂದರೆ, ಕಂಪನಿ ಕೊಟ್ಟದ್ದನ್ನು ಕಂಪನಿ ಹಿಂದಕ್ಕೂ ತೆಗೆದುಕೊಳ್ಳುತ್ತದೆ. ಆದರೆ ಡೆಬಿಯನ್ನಿನಂಥ ಊರೊಟ್ಟಿನ ಕೆಲಸ ಮೂವತ್ತು ವರ್ಷ ದಾಟಿಯೂ ನಡೆದಿದೆ.

ಈಗ ನಾವು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ಬರೆದುಕೊಳ್ಳಲಿ.

ಫೋನಿನಲ್ಲಿ ಆ್ಯಂಡ್ರಾಯ್ಡ್ 7 ಅಥವಾ ಅದಕ್ಕೂ ಹೊಸದು ಇರಬೇಕು. 4 ಜಿಬಿ ರ್ಯಾಮ್ ಇದ್ದರೆ ನಡೆಯುತ್ತದೆ, 6 ಇದ್ದರೆ ನೆಮ್ಮದಿ. ಐದಾರು ಜಿಬಿ ಜಾಗ ಖಾಲಿ ಇರಲಿ. ಟರ್ಮಕ್ಸ್ ಆ್ಯಪನ್ನು ಎಫ್-ಡ್ರಾಯ್ಡ್ ಎಂಬ ಭಂಡಾರದಿಂದ ತೆಗೆದುಕೊಳ್ಳಿ. ಯಾರೋ ಕಳಿಸಿದ ಫೈಲಿನಿಂದ ಬೇಡ. ತೆರೆದರೆ ಕಪ್ಪು ಪರದೆ ಬರುತ್ತದೆ. ಅದರ ಮೂಲೆಯಲ್ಲಿ ಒಂದು ಡಾಲರ್ ಗುರುತು ಮಿನುಗುತ್ತದೆ.

ಆ ಡಾಲರ್ ಗುರುತು ನೋಡಿ ನಾನು ಒಂದು ಗಳಿಗೆ ಸುಮ್ಮನೆ ಕೂತೆ. ಬ್ಯಾಂಕುಗಳಲ್ಲಿ ಯಂತ್ರ ತರಬೇಕೆಂದು ರಂಗರಾಜನ್ ಸಮಿತಿ 1984ರಲ್ಲಿ ಹೇಳಿದ ಮೇಲೆ, ಕೆಲವು ವರ್ಷಕ್ಕೆ ನಮ್ಮ ಶಾಖೆಗೂ ಲೆಡ್ಜರ್ ಬರೆಯುವ ಯಂತ್ರ ಬಂದಿತ್ತು. ಯಂತ್ರ ಒಂದೇ, ಮೂಲೆಯ ಗಾಜಿನ ಖೋಲಿಯಲ್ಲಿ. ನಮ್ಮ ಮೇಜಿನ ಮೇಲೆ ಇರುತ್ತಿದ್ದದ್ದು ಪರದೆ ಮತ್ತು ಕೀಲಿಮಣೆ ಮಾತ್ರ. ಅದು ಯುನಿಕ್ಸ್ ವ್ಯವಸ್ಥೆ, ಲಿನಕ್ಸಿಗೆ ಗುರುಸ್ಥಾನದಲ್ಲಿರುವುದು. ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಕಾಯುತ್ತಿದ್ದದ್ದು ಇದೇ ಡಾಲರ್ ಗುರುತು. ತಪ್ಪು ಒತ್ತಿದರೆ ಎಲ್ಲಿ ನೌಕರಿ ಹೋಗುತ್ತದೋ ಎಂದು ಬೆರಳು ನಡುಗುತ್ತಿದ್ದವು. ಅಂಥ ಯಂತ್ರ ಈಗ ಅಂಗಿಯ ಕಿಸೆಯಲ್ಲಿ ಕುಳಿತಿದೆ.

ಅಲ್ಲಿ ಪ್ರೂಟ್-ಡಿಸ್ಟ್ರೋ ಎಂಬ ಪ್ಯಾಕೇಜನ್ನು ಹಾಕಿಸಿ, ಅದರ ಮೂಲಕ ಡೆಬಿಯನ್ ಇಳಿಸಿಕೊಳ್ಳಬೇಕು. ಆಜ್ಞೆಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರಲಿ. ಎರಡು ಶಬ್ದದ ನಡುವಿನ ಜಾಗ ತಪ್ಪಿದರೂ ಅದು ಕೇಳುವುದಿಲ್ಲ. ಆಮೇಲೆ ಡೆಬಿಯನ್ನಿನೊಳಗೆ ಹೊಕ್ಕು ಮೂರು ಸಾಮಾನು ತರಿಸಿಕೊಳ್ಳಬೇಕು. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಚಿತ್ರದ ಮೇಜು, ಬರೆಯಲು ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್, ಪರದೆ ತೋರಿಸಲು ವಿಎನ್‌ಸಿ ಸರ್ವರ್. ಇವು ಇಳಿಯಲು ನಮ್ಮ ಹಳ್ಳಿಯ ನೆಟ್ಟಿನಲ್ಲಿ ಒಂದು ರಾತ್ರಿ ಹಿಡಿಯಿತು. ಫೋನಿಗೆ ವಿಎನ್‌ಸಿ ನೋಡುವ ಇನ್ನೊಂದು ಆ್ಯಪ್ ಹಾಕಿಕೊಂಡು ತೆರೆದರೆ, ಅಂಗೈಯಲ್ಲಿ ಮೇಜಿನ ಗಣಕದ ಪರದೆ ಬರುತ್ತದೆ. ಮೇಜು ನಡೆಯುವುದು ಒಂದು ಆ್ಯಪಿನಲ್ಲಿ, ಕಾಣುವುದು ಇನ್ನೊಂದರಲ್ಲಿ. ನಮ್ಮ ಗಾಜಿನ ಖೋಲಿಯ ಯಂತ್ರದ ಪದ್ಧತಿಯೇ ಇದು.

ಇಲಿ ಮತ್ತು ಕೀಲಿಮಣೆಯನ್ನು ಓಟಿಜಿ ಎಂಬ ಸಣ್ಣ ತಂತಿಯಿಂದ ಫೋನಿಗೆ ಹಚ್ಚಬಹುದು. ದೊಡ್ಡ ಟಿ.ವಿ.ಗೆ ತಂತಿಯಿಂದ ಪರದೆ ಕೊಡುವ ಅನುಕೂಲ ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟಿ.ವಿ.ಗೆ ತಂತಿಯಿಲ್ಲದೆ ಪರದೆ ಎಸೆಯುವ ಸೌಕರ್ಯ ಇದ್ದರೆ ಅದೇ ಸಾಕು. ನಾವು ಹಾಗೆಯೇ ಮಾಡಿದೆವು.

ಆಮೇಲೆ ಹುಡುಗ ಹಳೆಯ ಫಾಂಟಿನ ಫೈಲನ್ನು ಡೆಬಿಯನ್ನಿನ ಫಾಂಟುಗಳ ಕೋಶದಲ್ಲಿಟ್ಟು, ಲಿಬ್ರೆಆಫೀಸಿನಲ್ಲಿ ಸಿ.ಡಿ.ಯ ಫೈಲು ತೆರೆದ. ಟಿ.ವಿ.ಯ ಪರದೆಯ ಮೇಲೆ ಪಿ, ಪೌಂಡು, ಓರೆಗೆರೆ ಎಲ್ಲ ಮಾಯವಾಗಿ ಕನ್ನಡ ಬಂತು. ಒಂದನೆಯ ನಂಬರಿನ ವಿದ್ಯಾರ್ಥಿ, 1950ನೆಯ ಇಸವಿ. ಫೈಲು ಸತ್ತಿರಲಿಲ್ಲ. ಅದಕ್ಕೆ ಕಣ್ಣು ತೆರೆಯಲು ಒಂದು ಮೇಜು ಬೇಕಾಗಿತ್ತು, ಅಷ್ಟೇ.

ಆದರೆ ಅಲ್ಲಿಗೇ ನಿಂತರೆ ಇನ್ನಿಪ್ಪತ್ತು ವರ್ಷಕ್ಕೆ ಮತ್ತೆ ಇದೇ ಪಾಡು. ಆದ್ದರಿಂದ ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸಬೇಕು. ಅದಕ್ಕೆ ಕನ್ನಡದವರೇ ಮಾಡಿದ ಪರಿವರ್ತಕಗಳು ಪುಕ್ಕಟೆಯಾಗಿ ಇವೆ. ಬದಲಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದೆವು. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪಾರ್ವತಿ ಎಂಬ ಹೆಸರಲ್ಲಿ ಅದು ಜಾಗ ತಪ್ಪಿದರೆ ಪಾರ್ವತಿಯ ಗುರುತೇ ಸಿಗದು. ಲೆಡ್ಜರಿಗೆ ಟಿಕ್ಕು ಹಾಕುತ್ತಿದ್ದ ಹಾಗೆ ಸಾಲುಸಾಲಾಗಿ ಹಾಕುತ್ತ ಹೋದೆ.

ಈಗ ಜಮಾ ಹೇಳಿದ ಮೇಲೆ ಖರ್ಚಿನ ಕಡೆಯನ್ನೂ ಹೇಳಬೇಕು. ಗುಮಾಸ್ತನ ಧರ್ಮ ಅದು.

ಮೊದಲನೆಯದು, ನನ್ನದೇ ತಪ್ಪು. ನಾಲ್ಕು ದಿನ ತಿದ್ದಿದ ಮೇಲೆ ಫೋನು "ಜಾಗ ಕಡಿಮೆ" ಎಂದಿತು. ನಾನು ಸೆಟ್ಟಿಂಗಿಗೆ ಹೋಗಿ ಟರ್ಮಕ್ಸಿನ ಎದುರು ಇದ್ದ 'ಡೇಟಾ ಅಳಿಸಿ' ಎಂಬುದನ್ನು ಒತ್ತಿಬಿಟ್ಟೆ. ಖೋಲಿ, ಖೋಲಿಯ ಸಂಸಾರ, ನಾಲ್ಕು ದಿನದ ಕೆಲಸ ಎಲ್ಲ ಒಂದೇ ಒತ್ತಿಗೆ ಹೋಯಿತು. ಭಾಡಿಗೆ ಖೋಲಿಯ ಗುಣವೇ ಅದು. ಆ್ಯಪನ್ನು ತೆಗೆದರೆ ಒಳಗಿನದೆಲ್ಲ ಅದರ ಜೊತೆಗೇ ಹೋಗುತ್ತದೆ. ಮೂಲ ಸಿ.ಡಿ. ಇದ್ದದ್ದಕ್ಕೆ ಬದುಕಿಕೊಂಡೆ. ಅಂದಿನಿಂದ ಪ್ರತಿ ಸಂಜೆ ಒಂದು ನಕಲು ಫೋನಿನ ಸಾಮಾನ್ಯ ಕೋಶಕ್ಕೆ, ಒಂದು ಪೆನ್‌ಡ್ರೈವಿಗೆ. ಬ್ಯಾಂಕಿನಲ್ಲಿ ದಿನವೂ ಸಂಜೆ ನಕಲು ತೆಗೆಯುತ್ತಿದ್ದವನಿಗೆ ಮನೆಯಲ್ಲಿ ಬುದ್ಧಿ ಬರಲು ನಾಲ್ಕು ದಿನದ ದಂಡ ಬೇಕಾಯಿತು.

ಎರಡನೆಯದು, ಆ್ಯಂಡ್ರಾಯ್ಡಿನ ಯಜಮಾನಿಕೆ. 2021ರಲ್ಲಿ ಬಂದ ಆ್ಯಂಡ್ರಾಯ್ಡ್ 12ರಿಂದ ಈಚೆಗೆ, ಆ್ಯಪ್‌ಗಳು ಹುಟ್ಟಿಸುವ ಮರಿ ಕೆಲಸಗಳು ಒಟ್ಟು ಮೂವತ್ತೆರಡಕ್ಕಿಂತ ಹೆಚ್ಚಾದರೆ ವ್ಯವಸ್ಥೆ ಅವುಗಳನ್ನು ಕೊಂದುಹಾಕುತ್ತದೆ. ಮೇಜು ನಡೆಯುತ್ತಿರುವಾಗಲೇ ಸಿಗ್ನಲ್ 9 ಎಂದು ಬರೆದು ಎಲ್ಲ ಮುಚ್ಚಿಹೋದರೆ ಹೆದರಬೇಡಿ, ಫೋನು ಕೆಟ್ಟಿಲ್ಲ. ಹೊಸ ಫೋನುಗಳ ಡೆವಲಪರ್ ಆಯ್ಕೆಗಳಲ್ಲಿ ಈ ನಿರ್ಬಂಧವನ್ನು ತೆಗೆಯುವ ಗುಂಡಿ ಇರುತ್ತದೆ. ಬರೆದದ್ದನ್ನು ಆಗಾಗ ಉಳಿಸುತ್ತಿರಿ.

ಮೂರನೆಯದು, ಬ್ಯಾಂಕಿನವನಾಗಿ ಹೇಳುವ ಮಾತು. ಫೋನಿನ ಬೀಗ ಒಡೆದು ಪೂರ್ತಿ ಯಜಮಾನಿಕೆ ತೆಗೆದುಕೊಳ್ಳುವುದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ. ನಾನು ಹೇಳಿದ ಕೆಲಸಕ್ಕೆ ಅದು ಬೇಕಿಲ್ಲ. ಯಾರಾದರೂ ಬೇಕೇಬೇಕು ಎಂದರೆ ಒಪ್ಪಬೇಡಿ. ರೂಟ್ ಆದ ಫೋನಿನಲ್ಲಿ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಬೀಗ ಒಡೆದ ಬಾಗಿಲು ನಮಗಷ್ಟೇ ತೆರೆದಿರುವುದಿಲ್ಲ, ಕಳ್ಳನಿಗೂ ತೆರೆದಿರುತ್ತದೆ. ಸಾಧ್ಯವಾದರೆ ಹಣ ಕಳಿಸುವ ಫೋನೇ ಬೇರೆ, ಇಂಥ ಪ್ರಯೋಗದ ಫೋನೇ ಬೇರೆ ಇರಲಿ. ಪರದೆಗೆ ಗೀರು ಬಿದ್ದು ಮೂಲೆಗೆ ಬಿದ್ದಿರುವ ಹಳೆಯ ಫೋನು ಇದಕ್ಕೆ ಸಾಕು.

ನಾಲ್ಕನೆಯದು, ಫೋನು ಕಾಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಗಂಟೆಗೊಮ್ಮೆ ಅದಕ್ಕೂ ವಿಶ್ರಾಂತಿ ಕೊಡಿ, ನಿಮ್ಮ ಕಣ್ಣಿಗೂ ಕೊಡಿ.

ಇನ್ನು ನನ್ನ ಯಾದಿಯ ಕಥೆ ಮುಗಿಸುತ್ತೇನೆ. ಎರಡನೆಯ ಸಲ ತಿದ್ದಲು ಕುಳಿತಾಗ ಮೊದಲ ಬಾರಿಗೆ 'ಶಾಲೆ ಬಿಟ್ಟ ಕಾರಣ' ಎಂಬ ಕಾಲಮನ್ನು ಓದುತ್ತ ಹೋದೆ. ಟೈಪು ಮಾಡುವಾಗ ಕೈ ಓಡುತ್ತದೆ, ಮನಸ್ಸು ಓದುವುದಿಲ್ಲ. ಕೆಲವರ ಎದುರು 'ಸೋಲಾಪುರ ಗಿರಣಿಗೆ ಹೋದನು'. ಹಲವು ಹುಡುಗಿಯರ ಎದುರು 'ಲಗ್ನ'. 1972ರಲ್ಲಿ ಬರ ಬಿದ್ದಾಗಿನ ಪುಟಗಳಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಮಾತು, 'ಊರು ಬಿಟ್ಟರು'. ಯಾವ ಗುರುಗಳು ಬರೆದರೋ, ಒಂದು ಶಬ್ದವೂ ಹೆಚ್ಚಿಲ್ಲ.

ಮೊದಲರ್ಧವನ್ನು ಮಗಳು ಟೈಪು ಮಾಡಿದ್ದಳು ಎಂದೆನಲ್ಲ, ಅದರಲ್ಲಿ ನನ್ನ ಅಕ್ಕನ ಹೆಸರು ಸಿಕ್ಕಿತು. ಮನೆಯಲ್ಲಿ ಕರೆಯುವ ಹೆಸರಲ್ಲ, ಶಾಲೆಯ ಹೆಸರು. ಮಗಳಿಗೆ ಗುರುತು ಹತ್ತಿರಲಿಕ್ಕಿಲ್ಲ. 1960ರ ಜೂನಿನಲ್ಲಿ ಸೇರಿದ್ದಾಳೆ, 1962ರಲ್ಲಿ ಬಿಟ್ಟಿದ್ದಾಳೆ. ಕಾರಣದ ಕಾಲಮಿನಲ್ಲಿ 'ಮನೆಯಲ್ಲಿ ತಮ್ಮನನ್ನು ಹಿಡಿಯಲು' ಎಂದಿದೆ. ಆ ತಮ್ಮ ನಾನು. ನಾನು ಹುಟ್ಟಿದ್ದು 1961ರಲ್ಲಿ. ಅವ್ವ ಹೊಲಕ್ಕೆ ಹೋಗುತ್ತಿದ್ದಳು.

ನಾನು ಮೆಟ್ರಿಕ್ ಪಾಸಾಗಿ ಬ್ಯಾಂಕಿನ ಕುರ್ಚಿಯಲ್ಲಿ ಕೂತೆ. ಅಕ್ಕ ಬ್ಯಾಂಕಿಗೆ ಬಂದಾಗಲೆಲ್ಲ ಸಹಿ ಮಾಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಹಿಂದೆ ಸಾಲು ನಿಂತಿದೆ ಎಂದು ನಾನು ಎಷ್ಟೋ ಸಲ ಅವಳನ್ನು ಅವಸರ ಮಾಡಿದ್ದೇನೆ. ಆ ರಾತ್ರಿ ಅವಳಿಗೆ ಫೋನು ಮಾಡಿ ಆ ಸಾಲನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಿನ್ನ ಯಾರ ಎತ್ಕೋಬೇಕಾಗಿತ್ತೋ? ಭಾಳ ಅಳತಿದ್ದಿ" ಎಂದಳು. ಆಮೇಲೆ ತನ್ನ ಜೊತೆ ಓದಿದ ನಾಲ್ಕು ಹುಡುಗಿಯರ ಹೆಸರು ಹೇಳಿ, ಅವರೂ ಅದರಲ್ಲಿ ಇದ್ದಾರೇನು ನೋಡು ಎಂದಳು. ನಾಲ್ವರೂ ಇದ್ದರು. ಅವರಲ್ಲಿ ಇಬ್ಬರು ಶಾಲೆಯ ಸಮಾರಂಭಕ್ಕೆ ಬಂದಿದ್ದರು. ಅಕ್ಕನನ್ನು ಕರೆತಂದವನು ಅವಳ ಮೊಮ್ಮಗ.

ಯಾದಿಯ ಒಂದು ಪ್ರತಿ ಈಗ ಶಾಲೆಯಲ್ಲಿದೆ, ಒಂದು ಪಂಚಾಯಿತಿಯ ಗಣಕದಲ್ಲಿ, ಒಂದು ನನ್ನ ಫೋನಿನಲ್ಲಿ. ಮೂರೂ ಯೂನಿಕೋಡಿನಲ್ಲಿವೆ.

ಬಂಧುಗಳೇ, ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ., ಪೆನ್‌ಡ್ರೈವು, ಕೆಟ್ಟ ಗಣಕದಿಂದ ತೆಗೆದ ಡಿಸ್ಕು ಇರಬಹುದು. ಸಂಘದ ಲೆಕ್ಕ, ಭಜನೆಯ ವಹಿ, ತಂದೆಯವರ ಬರಹ ಅದರಲ್ಲಿರಬಹುದು. ತೆರೆದಾಗ ಗೋಜಲು ಕಂಡರೆ ಎಸೆಯಬೇಡಿ. ಎರಡು ಭಾಷೆಯನ್ನು ಒಂದೇ ಬಾಯಲ್ಲಿ ಇಟ್ಟುಕೊಂಡು ಬದುಕುವ ನಮಗೆ, ಒಂದೇ ಫೋನಿನಲ್ಲಿ ಎರಡು ವ್ಯವಸ್ಥೆ ನಡೆಸುವುದು ಅಸಾಧ್ಯವಲ್ಲ. ಮನೆಯ ಹುಡುಗರನ್ನು ಜೊತೆಗೆ ಕೂಡಿಸಿಕೊಳ್ಳಿ. ಮೊದಲು ನಕಲು ತೆಗೆಯಿರಿ, ಆಮೇಲೆ ಕೈ ಹಚ್ಚಿರಿ.